ಒಂಬತ್ತನೇ ಸ್ಲೈಡಿನಲ್ಲಿ ನಿಂತ ಮಗು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ಕೆಟ್ಟದ್ದು ಶುರುವಾದ ಗಳಿಗೆ ಇಷ್ಟು ಖಚಿತವಾಗಿ ಗೊತ್ತಿರುವುದು ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರ ಫೋನಿನಿಂದ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಆ ಮಳೆಗಾಲದಲ್ಲಿ ಮೇಡಂ ತಯಾರಿಸಿ ಕಳಿಸಿದ ವಿಜ್ಞಾನದ ಪಾಠವನ್ನು ಒಂಬತ್ತನೇ ತರಗತಿಯ ಭವ್ಯ ತನ್ನ ಮನೆಯಂಗಳದಲ್ಲಿ ಕೂತು ಓದುತ್ತಿದ್ದಳು. ಆ ಹೊತ್ತಿಗೆ ಎಂಟನೇ ಸ್ಲೈಡಿಗೆ ಉತ್ತರ ಬರೆದು ಒಂಬತ್ತಕ್ಕೆ ದಾಟಿದಳು. ಎಂಟನೆಯದರ ಪ್ರಶ್ನೆ: 'ನಿಮ್ಮ ಮನೆಯಲ್ಲಿ ರಾಗಿಯನ್ನು ಎಲ್ಲಿ ಇಡುತ್ತಾರೆ?' ಅವಳ ಉತ್ತರ: 'ಹಗೇವಿನಲ್ಲಿ. ಇವತ್ತು ಬಾಯಿ ತೆಗೆದಿದ್ದಾರೆ. ನಾನೇ ಕಾವಲು.' ಒಂಬತ್ತನೆಯದು ಹೇಳುತ್ತಿತ್ತು: 'ಈಗ ಹೋಗಿ ಆ ರಾಗಿಯೊಳಗೆ ಕೈ ಇಟ್ಟು ನೋಡಿ. ಬೆಚ್ಚಗಿದೆಯೆ, ತಣ್ಣಗಿದೆಯೆ? ಬಂದು ಬರೆಯಿರಿ.' ಬರೆಯದಿದ್ದರೆ ಹತ್ತನೆಯದು ತೆರೆಯುತ್ತಿರಲಿಲ್ಲ. ಹತ್ತನೆಯದರಲ್ಲಿ ಕೆಂಪು ಅಕ್ಷರಗಳಲ್ಲಿ ಇದ್ದದ್ದು ಇದು: 'ಹಗೇವು ಇರುವ ಮನೆಯವರು ಯಾವ ಕಾರಣಕ್ಕೂ ಒಳಗೆ ಇಳಿಯಬಾರದು.'

ಹಗೇವನ್ನು ನೋಡದವರಿಗೆ ಒಂದು ಮಾತು. ಮನೆಯ ಮುಂದೆ ನೆಲದೊಳಗೆ ತೋಡಿದ ರಾಗಿಯ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಕಾಳು ಒಳಗೆ ಉಸಿರಾಡುತ್ತಲೇ ಇರುತ್ತದೆ. ಇದ್ದ ಪ್ರಾಣವಾಯು ಮುಗಿದು ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೇ ಚಪ್ಪಡಿ ಸರಿಸಿದ ದಿನ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದಿಟ್ಟು, ದನಕರು ಬೀಳದಂತೆ ಒಬ್ಬರನ್ನು ಕಾವಲು ಕೂರಿಸಿ, ಮಾರನೆಯ ದಿನ ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಈಗ ಡ್ರಮ್ಮು, ಚೀಲಗಳು ಬಂದು ಹಗೇವುಗಳು ಹೆಚ್ಚು ಉಳಿದಿಲ್ಲ. ತೋವಿನಕೆರೆಯ ಹತ್ತಿರದ ನಮ್ಮ ಶಾಲೆಯಿರುವ ಊರಿನಲ್ಲಿ ಬಳಕೆಯಲ್ಲಿದ್ದದ್ದು ಭವ್ಯಳ ಮನೆಯದೊಂದೇ.

ಮೇಡಂ ಈಚೆಗೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನನಗೆ ಮೈಕು ಕೊಟ್ಟಾಗ ಎರಡು ವಾಕ್ಯ ಹೇಳಿ ಅದನ್ನು ಹಿಂದಿರುಗಿಸಿಬಿಟ್ಟೆ. ಎದುರಿಗೆ ಅವರು ಹಾರ ಹಾಕಿಕೊಂಡು ಕೂತಿದ್ದರೂ ನನ್ನ ಕಣ್ಣಿಗೆ ಬಂದದ್ದು ಚಪ್ಪಡಿಕಲ್ಲಿನ ಮೇಲೆ ಉರಿಯುತ್ತಿದ್ದ ಒಂದು ಫೋನಿನ ಪರದೆ. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಮ್ಮ ಹೆಸರು ಅಚ್ಚಿನಲ್ಲಿ ಬರುವುದು ಅವರಿಗೆ ಹಿಡಿಸದು. ನಾವೆಲ್ಲ ಕರೆಯುತ್ತಿದ್ದ ಹಾಗೆ ಮೇಡಂ ಎಂದೇ ಇರಲಿ.

ಅವರು ಸಿರಾದವರು. ತಂದೆ ಅಲ್ಲಿನ ಪೇಟೆಯಲ್ಲಿ ದರ್ಜಿ. ಮದುವೆಯಾಗಿ ಮಧುಗಿರಿಗೆ ಬಂದು, ಬೆಟ್ಟದ ಬುಡದ ಮನೆಯಿಂದ ದಿನವೂ ಬಸ್ಸಿನಲ್ಲಿ ನಮ್ಮ ಪ್ರೌಢಶಾಲೆಗೆ ಬರುತ್ತಿದ್ದರು. ನಾನು ಬರಗೂರು ಕಡೆಯವನು, ಗಣಿತದ ಅತಿಥಿ ಶಿಕ್ಷಕನಾಗಿ ಸೇರಿ ಶಾಲೆಯ ಊರಿನಲ್ಲೇ ಒಂದು ಕೋಣೆ ಹಿಡಿದಿದ್ದೆ. ಅವರು ಪಾಠ ಮಾಡುತ್ತಿದ್ದದ್ದು ಪುಸ್ತಕದಂಥ ಕನ್ನಡದಲ್ಲಿ, ರೇಗುತ್ತಿದ್ದದ್ದು ಉರ್ದುವಿನಲ್ಲಿ. 'ಅರೆ, ಕ್ಯಾ ಬೇಟಾ!' ಎಂದರೆ ಸಾಕು, ಕೊನೆಯ ಬೆಂಚಿನವರೂ ನೆಟ್ಟಗಾಗುತ್ತಿದ್ದರು. ಶಾಲೆಯ ಹಿಂದಿನ ಹುಣಸೆಮರದಲ್ಲಿ ದೆವ್ವವಿದೆ ಎಂದು ಮಕ್ಕಳು ಹೆದರುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಇಡೀ ತರಗತಿಯನ್ನು ಬಿಸಿಯೂಟದ ತಟ್ಟೆ ಸಮೇತ ಆ ಮರದ ಕೆಳಗೆ ಕೂರಿಸಿದರು. 'ದೆವ್ವ ಬಂದರೆ ಅದಕ್ಕೂ ಒಂದು ತಟ್ಟೆ ಕೊಡಿ' ಎಂದರು. ಅಂದಿನಿಂದ ಆ ಮರ ಹುಡುಗಿಯರ ಊಟದ ಜಾಗವಾಯಿತು. ಭವ್ಯ ಆ ತರಗತಿಯಲ್ಲಿದ್ದಳು. ಈ ಮಾತು ಮುಂದೆ ಬೇಕಾಗುತ್ತದೆ.

ಶಾಲೆ ಮುಚ್ಚಿದಾಗ ನಾವೆಲ್ಲ ಬೋರ್ಡಿನ ಮುಂದೆ ನಿಂತು ಉದ್ದುದ್ದದ ವಿಡಿಯೊ ಮಾಡಿ ಗ್ರೂಪಿಗೆ ಹಾಕುತ್ತಿದ್ದೆವು. ನನ್ನದೊಂದನ್ನು ಮೇಡಂ ಪೂರ್ತಿ ನೋಡಿ ಫೋನು ಮಾಡಿದರು.

'ಚೆನ್ನಾಗಿದೆ ಸರ್. ಇದರಲ್ಲಿ ಮಗು ಎಲ್ಲಿದೆ?'

'ಮಗು ನೋಡ್ತಾ ಇರುತ್ತೆ ಮೇಡಂ.'

'ಸಿನಿಮಾನೂ ನೋಡುತ್ತೆ.'

ಅವರು ಮಾಡಿದ ಪಾಠಗಳೇ ಬೇರೆ. ಒಂದು ಸ್ಲೈಡಿಗೆ ಒಂದು ಚಿತ್ರ, ಎರಡು ಸಾಲು, ಮಗುವಿಗೆ ಒಂದು ಕೆಲಸ. ಕೆಲಸ ಮಾಡಿ ಉತ್ತರ ಬರೆದರೆ ಮುಂದಿನದು ತೆರೆಯುತ್ತದೆ. ಅವಸರವಿಲ್ಲ, ಬೇಕೆಂದರೆ ನಾಳೆ ಬಂದು ನಿಂತಲ್ಲಿಂದಲೇ ಮುಂದುವರಿಸಬಹುದು. ಉತ್ತರ ತಪ್ಪಾದರೆ 'ತಪ್ಪು' ಎಂಬ ಪದ ಎಲ್ಲೂ ಬರುವುದಿಲ್ಲ. 'ಬಾ, ಇನ್ನೊಂದು ಕಡೆಯಿಂದ ನೋಡೋಣ' ಎನ್ನುವ ಅವರದೇ ದನಿ ಬಂದು, ಮಗುವನ್ನು ಪಕ್ಕದ ದಾರಿಯಲ್ಲಿ ಸುತ್ತಿಸಿ ಮತ್ತೆ ಅಲ್ಲಿಗೇ ತಂದು ಬಿಡುತ್ತದೆ. ಆ ದನಿಯ ಹಿಂದೆ ಅವರ ಅಡುಗೆಮನೆಯ ಕುಕ್ಕರು ಕೂಗುವುದೂ ಕೇಳುತ್ತಿತ್ತು. 'ಮೇಡಂ, ಜೀವಕೋಶದ ಪಾಠದಲ್ಲಿ ನಿಮ್ಮನೆ ಬೇಳೆ ಸೀದೋಯ್ತಾ?' ಎಂದು ಹುಡುಗರು ಕೇಳಿದ್ದುಂಟು.

ಯಾವ ಪಾಠವನ್ನೂ ಅವರು ನೇರವಾಗಿ ಕಳಿಸುತ್ತಿರಲಿಲ್ಲ. ತಂದೆ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಸುತ್ತ ತಿರುಗಿಸಿ ನೋಡಿದ ಮೇಲೇ ಬಟ್ಟೆಯನ್ನು ಮಷೀನಿಗೆ ಕೊಡುತ್ತಿದ್ದರಂತೆ. ಇವರೂ ಹಾಗೆಯೇ. ಓಣಿಯಲ್ಲಿ ಸಿಕ್ಕ ಯಾವುದಾದರೂ ಮಗುವನ್ನು ಕೂರಿಸಿಕೊಂಡು ಫೋನು ಕೈಗೆ ಕೊಟ್ಟು, ತಾವು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದರು. ನೋಡುತ್ತಿದ್ದದ್ದು ಮಗುವಿನ ಬೆರಳನ್ನು. 'ಬೆರಳು ಎಲ್ಲಿ ನಿಲ್ಲುತ್ತೆ ನೋಡಿ ಸರ್. ನಿಂತ ಕಡೆ ನನ್ನ ತಪ್ಪಿರುತ್ತೆ' ಎನ್ನುವುದು ಅವರ ಮಾತು. ಆ ಓಣಿಯ ಮಕ್ಕಳಲ್ಲಿ ಯಾರ ಮನೆಯಲ್ಲೂ ಹಗೇವು ಇರಲಿಲ್ಲ. ಅದು ಮಧುಗಿರಿ ಪಟ್ಟಣ.

ಪಾಠ ಕಳಿಸಿದ ಮೇಲೂ ಅವರ ಫೋನು ಅಕ್ಕಿಡಬ್ಬಿಗೆ ಒರಗಿ ನಿಂತಿರುತ್ತಿತ್ತು. ಯಾವ ಮಗು ಯಾವ ಸ್ಲೈಡಿನಲ್ಲಿದೆ, ಏನು ಬರೆಯಿತು ಎಂಬುದು ಅದರಲ್ಲಿ ಕಾಣುತ್ತಿತ್ತು. ಸೊಪ್ಪು ಬಿಡಿಸುತ್ತಲೇ ಒಂದೊಂದು ಉತ್ತರವನ್ನೂ ಬಂದ ಹಾಗೆ ಓದುತ್ತಿದ್ದರು. ಇದೆಲ್ಲ ಎಲ್ಲರಿಗೂ ಹಿಡಿಸುತ್ತಿತ್ತೆಂದಲ್ಲ. ಅವರ ಹಟಕ್ಕೆ ನಾವು ಬೇಸತ್ತದ್ದೂ ಇದೆ. ಪಾಠದಲ್ಲಿ ಒತ್ತುವ ಒಂದು ಗುಂಡಿಯ ಬಣ್ಣ ಹಸಿರೋ ಹಳದಿಯೋ ಎಂದು ಭಾನುವಾರ ಬೆಳಗ್ಗೆ ಫೋನು ಮಾಡುವರು. 'ಮೊದಲು ಸಿಲಬಸ್ ಮುಗಿಸಿ ಮೇಡಂ, ಬಣ್ಣ ಆಮೇಲೆ ಬಳಿಯೋಣ' ಎಂದು ಹೆಡ್ಮಾಸ್ಟರು ಗೊಣಗುತ್ತಿದ್ದರು. ಆದರೂ ಆ ಪಾಠಗಳು ಗ್ರೂಪಿನಿಂದ ಗ್ರೂಪಿಗೆ ಹೋಗಿ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ನಾಲ್ಕೂ ತಾಲ್ಲೂಕಿನ ಶಾಲೆಗಳನ್ನು ಮುಟ್ಟಿದ್ದವು. ಮಕ್ಕಳೇ ಕೇಳಿ ತರಿಸಿಕೊಳ್ಳುತ್ತಿದ್ದರು.

ಆ ದಿನ ಕಳಿಸಿದ್ದು 'ಕಾಳೂ ಉಸಿರಾಡುತ್ತದೆ' ಎಂಬ ಪಾಠ.

ನನಗೆ ಅವರ ಫೋನು ಬಂದಾಗ ತಿಂಡಿ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ನಮಸ್ಕಾರವೂ ಇಲ್ಲ.

'ಸರ್, ಭವ್ಯನ ಮನೆಗೆ ಓಡಿ. ಈಗಲೇ. ಅವಳ ಫೋನು ರಿಂಗಾಗ್ತಿದೆ, ಎತ್ತುತಾ ಇಲ್ಲ. ನೀವು ಲೈನ್ ಕಟ್ ಮಾಡಬೇಡಿ.'

ಎರಡು ಬೀದಿ ಆಚೆಗೆ ಅವಳ ಮನೆ. ಓಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಅಪ್ಪ ರಂಗಪ್ಪ, ಅಮ್ಮ ಹೊಲಕ್ಕೆ ಹೋಗಿದ್ದರು. ಅಜ್ಜಿ ಯಾರದೋ ಮನೆಗೆ ಮಜ್ಜಿಗೆ ಕೊಡಲು ಹೋಗಿದ್ದಳಂತೆ. ಹಗೇವಿನ ಬಾಯಿ ತೆರೆದಿತ್ತು. ಪಕ್ಕಕ್ಕೆ ಸರಿಸಿದ ಚಪ್ಪಡಿಯ ಮೇಲೆ ಫೋನು, ಅದರಲ್ಲಿ ರಾಗಿಯ ರಾಶಿಗೆ ಕೈ ಹಾಕುತ್ತಿರುವ ಮಗುವಿನ ಚಿತ್ರ, ಕೆಳಗೆ ಉತ್ತರ ಬರೆಯುವ ಖಾಲಿ ಚೌಕ. ಒಂದು ಜೊತೆ ಹವಾಯಿ ಚಪ್ಪಲಿ ಓರಣವಾಗಿ ಬಿಟ್ಟಿತ್ತು. ರಾಗಿಯ ಮೇಲೆ ಚಪ್ಪಲಿ ಕಾಲು ಇಡಬಾರದಲ್ಲ. ಬಗ್ಗಿ ನೋಡಿದೆ. ಬೆಳಕು ಬಿದ್ದಷ್ಟು ಜಾಗದಲ್ಲಿ ಒಂದು ಅಂಗಾಲು ಕಾಣಿಸಿತು.

ಕೂಗಿದೆ. ಅದು ಅಲುಗಲಿಲ್ಲ. ಹಗೇವಿನ ಅಂಚಿಗೆ ಎರಡೂ ಕೈ ಊರಿ ಕಾಲು ಇಳಿಬಿಟ್ಟೆ. ಜೇಬಿನಲ್ಲಿದ್ದ ಫೋನಿನಿಂದ ಮೇಡಂ ಕೇಳುತ್ತಿದ್ದರು, 'ಏನು ಕಾಣಿಸ್ತಿದೆ ಸರ್?'

'ಒಳಗೆ ಬಿದ್ದಿದಾಳೆ ಮೇಡಂ. ಇಳೀತಾ ಇದೀನಿ.'

'ಬೇಡ!' ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. 'ಇಳಿದ್ರೆ ನೀವೂ ಬೀಳ್ತೀರಿ. ಆಮೇಲೆ ಇಬ್ಬರನ್ನ ಯಾರು ತೆಗೀಬೇಕು? ಕಾಲು ಮೇಲಕ್ಕೆ ತಗೊಳ್ಳಿ. ತಗೊಂಡ್ರಾ?'

ಕಣ್ಣೆದುರು ಬಿದ್ದಿದ್ದ ಮಗುವನ್ನು ಬಿಟ್ಟು ಕಾಲು ಹಿಂದಕ್ಕೆ ಬರುತ್ತಿರಲಿಲ್ಲ.

'ತಗೊಂಡೆ ಅಂತ ಹೇಳಿ ಸರ್!'

'ತಗೊಂಡೆ.'

'ಈಗ ಜನರನ್ನ ಕೂಗಿ. ಕೂಗಿದ್ರಾ? ಯಾರು ಬಂದ್ರು ಹೇಳಿ. ಈಗ ಗಾಳಿ. ರಾಗಿ ತೂರೋ ಫ್ಯಾನು ಯಾರ ಮನೇಲಿದೆ? ಕರೆಂಟ್ ಇದೆಯಾ? ಇದೆ ಅಂತ ಹೇಳಿ.'

ಒಂದು ಮಾತು, ಒಂದು ಕೆಲಸ. ನಾನು ಉತ್ತರ ಕೊಟ್ಟ ಮೇಲೇ ಇನ್ನೊಂದು. ಅವರ ಸ್ಲೈಡುಗಳ ಹಾಗೆಯೇ ಅವರು ನನ್ನನ್ನು ನಡೆಸುತ್ತಿದ್ದರೆಂಬುದು ಎಷ್ಟೋ ದಿನದ ಮೇಲೆ ಹೊಳೆಯಿತು. ಒಟ್ಟಿಗೆ ಎಲ್ಲವನ್ನೂ ಹೇಳಿದ್ದರೆ ನನ್ನ ತಲೆಗೆ ಏನೂ ಇಳಿಯುತ್ತಿರಲಿಲ್ಲ.

ಎದುರುಮನೆಯ ನಾಗರಾಜಣ್ಣ ಫ್ಯಾನು ಹೊತ್ತು ತಂದ. ಅದರ ಗಾಳಿ ಬಾಯಿಯ ಹತ್ತಿರವೇ ಚದುರಿ ಹೋಗುತ್ತಿತ್ತು. ಮೇಡಂ ಫೋನಿನಲ್ಲೇ ಹೇಳಿದರು, 'ಟಾರ್ಪಾಲ್ ಇದ್ರೆ ಅಂಗಿ ತೋಳಿನ ಥರ ಸುತ್ತಿ. ಒಂದು ತುದಿ ಫ್ಯಾನಿಗೆ ಕಟ್ಟಿ, ಇನ್ನೊಂದು ತುದಿ ಒಳಕ್ಕೆ ಬಿಡಿ.' ದರ್ಜಿಯ ಮಗಳ ಮಾತು. ನೀಲಿ ಟಾರ್ಪಾಲಿನ ತೋಳು ಉಬ್ಬಿಕೊಂಡು ಹಗೇವಿನೊಳಗೆ ಇಳಿಯಿತು. ಅಷ್ಟರಲ್ಲಿ ಓಡಿಬಂದ ಅಜ್ಜಿ ಎದೆ ಬಡಿದುಕೊಳ್ಳುತ್ತಾ ಬಾಯಿಯ ಕಡೆಗೇ ನುಗ್ಗಿದಳು. ಇಬ್ಬರು ಹೆಂಗಸರು ಹಿಡಿದುಕೊಂಡರು. ನಾಗರಾಜಣ್ಣ ಹಗ್ಗವನ್ನು ಕಂಕುಳಿಗೆ ಬಿಗಿದುಕೊಂಡ.

'ನಾನು ಉಸ್ರು ಕಟ್ಕಂಡು ಇಳೀತೀನಿ. ಹಗ್ಗ ಜಗ್ಗಿದ್ ತಕ್ಸಣ ಎಳೀರಿ. ಬುಡಬ್ಯಾಡ್ರಿ ಕಣ್ರಲಾ, ನಂಗೂ ಹೆಂಡ್ತಿ ಮಕ್ಳವ್ರೆ!'

ಮೊದಲ ಸಲ ಬರಿಗೈಯಲ್ಲಿ ಮೇಲೆ ಬಂದ. ಮುಖ ಕೆಂಪಾಗಿತ್ತು. ನಾಲ್ಕು ಉಸಿರೆಳೆದುಕೊಂಡು ಮತ್ತೆ ಇಳಿದ. ಹಗ್ಗ ಜಗ್ಗಿತು. ಎಳೆದೆವು. ಅವನ ತೋಳಿನಲ್ಲಿ ಭವ್ಯ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿದ್ದಳು. ತುಟಿ ಬೂದಿಯ ಬಣ್ಣ. ಕೂದಲಿನ ತುಂಬ ರಾಗಿ. ಜಗಲಿಯ ಮೇಲೆ ಮಲಗಿಸಿ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದೆವು. ಆಮೇಲೆ ಅವಳ ಹೊಟ್ಟೆ ಒಮ್ಮೆ ಎದ್ದು ಇಳಿಯಿತು. ಕೆಮ್ಮಿದಳು. ವಾಂತಿ ಮಾಡಿಕೊಂಡಳು. ಅಜ್ಜಿ ಅದನ್ನು ಸೆರಗಿನಿಂದಲೇ ಬಳಿದಳು.

'ಮೇಡಂ, ಉಸಿರಾಡ್ತಿದಾಳೆ' ಎಂದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

ಕೊರಟಗೆರೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಬೆಳಗ್ಗೆಯಿಂದ ಬಾಯಿ ತೆರೆದಿದ್ದರಿಂದ ಮೇಲಿನ ಗಾಳಿ ಒಂದಿಷ್ಟು ಬದಲಾಗಿತ್ತು, ಬೇಗ ಎತ್ತಿದ್ದರಿಂದ ಉಳಿದಳು ಎಂದರು ಡಾಕ್ಟರು. ಮೇಡಂ ಯಾರದೋ ಬೈಕಿನ ಹಿಂದೆ ಕೂತು ಬಂದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ನೆಟ್ಟಗೆ ರಂಗಪ್ಪನ ಮುಂದೆ ಹೋಗಿ ನಿಂತರು.

'ತಪ್ಪು ನನ್ನದು. ಪಾಠ ನಾನು ಮಾಡಿದ್ದು.'

'ಅಂಗನ್ಬ್ಯಾಡಿ ಮೇಡಂ. ನೀವು ಫೋನ್ ಮಾಡ್ದೆ ಇದ್ದಿದ್ರೆ ಮಗ ಕೈಗೆ ಸಿಗ್ತಿರ್ನಿಲ್ಲ.'

'ನಾನು ಪಾಠ ಕಳಿಸದೆ ಇದ್ದಿದ್ರೆ ಫೋನೇ ಬೇಕಿರಲಿಲ್ಲ ರಂಗಪ್ಪನವರೇ.'

ಅಜ್ಜಿ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. 'ಹಗೇವಲ್ಲಿ ದೆವ್ವ ಐತೆ ಅಂತ ಚಿಕ್ಕ ಮಗ ಇದ್ದಾಗ್ಲಿಂದ ಹೆದ್ರುಸ್ಕಂಡ್ ಬಂದಿದ್ದೆ ಕಣಮ್ಮ. ನೀನು ದೆವ್ವನೇ ಇಲ್ಲ ಅಂದ್ಬುಟ್ಟೆ. ಇನ್ಯಾತಕ್ಕೆ ಹೆದ್ರುತೈತೆ ಮಗ?'

ಮೇಡಂ ಅಜ್ಜಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. 'ಹೌದಜ್ಜಿ. ದೆವ್ವನ ಓಡಿಸಿದೆ. ಅದರ ಜಾಗದಲ್ಲಿ ಕಾರಣ ಇಡೋಕೆ ಒಂದು ಸ್ಲೈಡ್ ತಡ ಮಾಡಿದೆ.' ಅಜ್ಜಿಗೆ ಸ್ಲೈಡೆಂದರೆ ಏನೆಂದು ತಿಳಿಯಿತೋ ಇಲ್ಲವೋ. ಸ್ವಲ್ಪ ಹೊತ್ತಿಗೆ ತನ್ನ ಎಲೆಅಡಿಕೆ ಚೀಲ ಬಿಚ್ಚಿ ಮೇಡಂ ಕಡೆಗೂ ಒಂದು ಎಲೆ ಚಾಚಿದಳು.

ಆಗಲೇ ಮೇಡಂಗೆ ಇನ್ನೊಂದು ದಿಗಿಲು ಹತ್ತಿತ್ತು. ಅದೇ ಪಾಠ ನಾಲ್ಕು ತಾಲ್ಲೂಕಿನ ಮಕ್ಕಳ ಕೈಯಲ್ಲಿತ್ತು. ಕಳಿಸಿದ ಪಾಠವನ್ನು ಬರುವ ದಾರಿಯಲ್ಲೇ ಮುಚ್ಚಿದ್ದರು. ಆದರೆ ಶಿಕ್ಷಕರು ಅದನ್ನು ನಕಲು ಮಾಡಿಕೊಂಡಿದ್ದರೆ? ಆಸ್ಪತ್ರೆಯ ವರಾಂಡದಲ್ಲಿ ಚಾರ್ಜರು ಸಿಕ್ಕಿಸಿದ ಗೋಡೆಗೆ ಒರಗಿ ನಿಂತು ಒಬ್ಬೊಬ್ಬರಿಗೇ ಫೋನು ಮಾಡಿದರು. ಬರಗೂರಿನ ಶಿಕ್ಷಕರು ಇನ್ನೂ ಕಳಿಸಿರಲಿಲ್ಲ. ಪಾವಗಡದ ರಾಯಚರ್ಲು ಕಡೆಯ ತೆಲುಗು ಮನೆಮಾತಿನ ಮೇಷ್ಟ್ರು, 'ಅಯ್ಯಯ್ಯೋ ಮೇಡಂ, ನಮ್ಮ ಪಿಲ್ಲಲಿಗೆ, ಮಕ್ಕಳಿಗೆಲ್ಲ, ಬೆಳಗ್ಗೆನೇ ಕಳ್ಸಿಬಿಟ್ಟೆನೇ!' ಎಂದು ಕೂಗಿದ್ದು ನನಗೂ ಕೇಳಿಸಿತು. 'ಪ್ರತಿ ಮನೆಗೂ ಫೋನ್ ಮಾಡಿ ಸರ್. ಮಾಡಿ ಮುಗಿಸಿ ನನಗೆ ಹೇಳಿ' ಎಂದು ಕಾದರು. ಅಲ್ಲಿ ಎಲ್ಲರ ಮನೆಯಲ್ಲೂ ಡ್ರಮ್ಮು, ಚೀಲಗಳೇ ಎಂದು ಅವರು ತಿರುಗಿ ಹೇಳುವವರೆಗೆ ಮೇಡಂ ಒಂದು ಗುಟುಕು ನೀರು ಕುಡಿಯಲಿಲ್ಲ.

ಹೆಡ್ಮಾಸ್ಟರು ಬಂದು ಮೆಲ್ಲಗೆ ಹೇಳಿದರು, 'ಹುಡುಗಿ ಉಳಿದಳಲ್ಲ. ಪಾಠ ಡಿಲೀಟ್ ಮಾಡಿಬಿಡಿ ಮೇಡಂ. ವಿಷಯ ಇಲ್ಲಿಗೇ ಮುಗೀಲಿ.'

'ಪಾಠ ತೆಗೆದಾಯ್ತು ಸರ್. ವಿಷಯ ಮುಗಿಸೋದಿಲ್ಲ.'

ಅಂದೇ ಸಂಜೆ ನಾಲ್ಕೂ ತಾಲ್ಲೂಕಿನ ಗ್ರೂಪಿಗೆ ತಮ್ಮ ಹೆಸರು ಹಾಕಿ ಬರೆದರು. ಎಚ್ಚರಿಕೆಯನ್ನು ಕೆಲಸದ ಹಿಂದಿನ ಸ್ಲೈಡಿನಲ್ಲಿ ಇಡುವ ಬದಲು ಮುಂದಿನದರಲ್ಲಿ ಇಟ್ಟೆ, ಕೆಲಸ ಮಾಡದೆ ಎಚ್ಚರಿಕೆ ತೆರೆಯದ ಹಾಗೆ ಬೀಗವನ್ನೂ ಹಾಕಿದೆ, ಒಂದು ಮಗು ಸಾಯುತ್ತಿತ್ತು, ನೀವು ಹೀಗೆ ಮಾಡಬೇಡಿ ಎಂದು. ಕೆಲವರು ಬೈದರು. ಆನ್‌ಲೈನ್ ಪಾಠವೇ ಇಷ್ಟು ಎಂದು ಕೆಲವರು ಆಡಿಕೊಂಡರು. ಅವರು ಯಾರಿಗೂ ಎದುರು ಹೇಳಲಿಲ್ಲ, ಪಾಠ ಮಾಡುವುದನ್ನೂ ಬಿಡಲಿಲ್ಲ. ಇದನ್ನೇ ನಾನು ಬೀಳ್ಕೊಡುಗೆಯಲ್ಲಿ ಹೇಳಬೇಕೆಂದಿದ್ದದ್ದು. ಹೆದರಿ ಬಿಟ್ಟುಬಿಡುವುದು ನನಗೆ ಗೊತ್ತಿತ್ತು. ಆ ಮೇಲೆ ಮೂರು ತಿಂಗಳು ನಾನು ಮಕ್ಕಳಿಗೆ ಒಂದು ಲೆಕ್ಕವನ್ನೂ ಕಳಿಸಲಿಲ್ಲ. ಅವರು ಒಂದೊಂದೇ ಹಳೆಯ ಪಾಠವನ್ನು ಬಿಚ್ಚಿ, ಹೊಲಿಗೆ ಬಿಚ್ಚಿದ ಅಂಗಿಯಂತೆ ಹರಡಿಕೊಂಡು ಕೂತರು.

ಬಸ್ಸು ಓಡಾಡಲು ಶುರುವಾದ ಮೇಲೆ ರಜೆಯ ದಿನಗಳಲ್ಲಿ ಊರೂರಿಗೆ ಹೋಗತೊಡಗಿದರು. ಮಕ್ಕಳ ಮನೆಯ ಬಾಗಿಲಿಗೆ ಹೋಗಿ ಕೇಳುತ್ತಿದ್ದದ್ದು ಒಂದೇ ಮಾತು: 'ಪಾಠ ಓದುವಾಗ ಎಲ್ಲಿ ಕೂತ್ಕೋತೀಯ, ತೋರಿಸು.' ಒಮ್ಮೆ ನಾನೂ ಜೊತೆಗಿದ್ದೆ. ರಾಯಚರ್ಲುವಿನ ಹುಡುಗಿಯೊಬ್ಬಳು ನಮ್ಮನ್ನು ಸೋಲಾರ್ ಫಲಕಗಳ ಬೇಲಿಯ ತನಕ ಕರೆದೊಯ್ದಳು. ನೆರಳು ಅಳೆಯುವ ಪಾಠಕ್ಕೆ ಅಲ್ಲೇ ಬೇಲಿ ನುಸುಳಿ ಹೋಗುತ್ತಿದ್ದಳಂತೆ. ಮೇಡಂ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಆ ಪಾಠದ ಮೊದಲ ಸ್ಲೈಡನ್ನು ಬದಲಿಸಿದರು. ಬಿಸಿಲಿಗೆ ಪರದೆ ಕಾಣದೆ, ನನ್ನಿಂದ ಕೊಡೆ ಹಿಡಿಸಿಕೊಂಡು.

ಕಚ್ಚಾ ಹೊಲಿಗೆ ತೊಟ್ಟು ನೋಡುವ ಕೆಲಸ ಭವ್ಯಳದಾಯಿತು. ಶಾಲೆ ತೆರೆದ ಮೇಲೆ ಪ್ರತಿ ಹೊಸ ಪಾಠವೂ ಮೊದಲು ಅವಳ ಕೈಗೇ. 'ಯಾಕಮ್ಮ ಇಳಿದೆ?' ಎಂದು ನಾನು ಒಮ್ಮೆ ಕೇಳಿದ್ದೆ. 'ದೆವ್ವ ಇಲ್ಲ ಅಂತ ನಂಗೊತ್ತಿತ್ತಲ್ಲ ಸಾರ್' ಎಂದಿದ್ದಳು. ಈಗ ಮೇಡಂ ಪಕ್ಕದಲ್ಲಿ ಕೂತು ಸ್ಲೈಡು ಸರಿಸುತ್ತಾ, 'ಇದ್ರಲ್ಲಿ ಸಾಯಕ್ಕೆ ಎಲ್ಲೂ ಜಾಗನೇ ಇಲ್ಲ ಬುಡಿ ಮೇಡಂ' ಎಂದು ನಗುತ್ತಿದ್ದಳು. ಮೇಡಂ ನಗುತ್ತಿರಲಿಲ್ಲ. ಅವಳ ಬೆರಳನ್ನೇ ನೋಡುತ್ತಿದ್ದರು.

ನನಗೆ ನಿದ್ದೆ ಕೆಟ್ಟಿತ್ತು. ಕಣ್ಣು ಹತ್ತಿದೊಡನೆ ಕಾಲು ಎಲ್ಲೋ ಕೆಳಕ್ಕೆ ಜೋತುಬಿದ್ದ ಹಾಗಾಗಿ ಎದ್ದು ಕೂರುತ್ತಿದ್ದೆ. ಫೋನು ತೆಗೆದರೆ ಮೇಡಂ ಹೆಸರಿನ ಕೆಳಗೆ 'ಆನ್‌ಲೈನ್' ಎಂದು ಕಾಣುತ್ತಿತ್ತು. 'ಮಲಗಿ ಸರ್' ಎಂದು ಬರೆಯುವರು. 'ನೀವು?' ಎಂದು ಕೇಳುತ್ತಿದ್ದೆ. ಬೆಳಕು ಹರಿಯುವ ಮೊದಲೇ ತಿದ್ದಿದ ಪಾಠವೊಂದು ಬಂದು ಬಿದ್ದಿರುತ್ತಿತ್ತು.

ಮರುವರ್ಷ ಹಗೇವು ತೆಗೆಯುವ ಕಾಲ ಬಂದಾಗ ರಂಗಪ್ಪ ಅದನ್ನು ಮುಚ್ಚಿಸಿಬಿಡುವ ಮಾತಾಡಿದ. ಮೇಡಂ ಹೋಗಿ, ಇದೊಂದು ಸಲ ಮಕ್ಕಳ ಮುಂದೆ ತೆಗೆಯಿರಿ ಎಂದು ಕೇಳಿಕೊಂಡರು. ಚಪ್ಪಡಿ ಸರಿಸಿದ ದಿನ ಇಡೀ ತರಗತಿ ದೂರದಲ್ಲಿ ಗೆರೆ ಎಳೆದು ನಿಂತಿತ್ತು. ಸುತ್ತಲೂ ಹಗ್ಗ ಕಟ್ಟಿತ್ತು, ಕಾವಲಿಗೆ ನಾಗರಾಜಣ್ಣನೇ ಕೂತಿದ್ದ. ಅಜ್ಜಿ ಲಾಟೀನು ಹಚ್ಚಿಕೊಟ್ಟಳು, ಭವ್ಯ ಅದನ್ನು ದಾರದಲ್ಲಿ ಇಳಿಬಿಟ್ಟಳು. ಸ್ವಲ್ಪ ಇಳಿಯುವಷ್ಟರಲ್ಲಿ ಬೆಳಕು ಕುಗ್ಗಿ, ನೀಲಿಯಾಗಿ, ಇಲ್ಲವಾಯಿತು. ಯಾರೂ ಊದಲಿಲ್ಲ, ಗಾಳಿಯೂ ಬೀಸಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು.

ಮಾರನೆಯ ಬೆಳಗ್ಗೆ ಮತ್ತೆ ಇಳಿಬಿಟ್ಟರು. ಲಾಟೀನು ರಾಗಿಯ ಮೇಲೆ ಕೂತು ಉರಿಯುತ್ತಲೇ ಇತ್ತು. ಸಾಕು ಎಂದರೂ ಭವ್ಯ ದಾರ ಎಳೆಯಲಿಲ್ಲ. ಅವಳ ಬೆರಳು ನಿಂತದ್ದನ್ನು ಮೇಡಂ ನೋಡಿದರು.

'ಯಾಕೆ ಬೇಟಾ?'

'ಸುಮ್ನೆ ಮೇಡಂ. ಇನ್ನೊಂಚೂರು ನೋಡಾಣ ಅಂತ.'

ನೋಡಿದೆವು. ಆಮೇಲೆ ನಾಗರಾಜಣ್ಣ ಇಳಿದು ಮೊದಲ ಪುಟ್ಟಿ ರಾಗಿಯನ್ನು ಮೇಲಕ್ಕೆ ಕಳಿಸಿದ. ಭವ್ಯ ಮೊಣಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡಳು.

'ಬೆಚ್ಚಗೈತೆ ಮೇಡಂ' ಎಂದಳು.

ಅಂದು ರಾತ್ರಿ ಮಲಗಿದವನು ಡೈರಿಗೆ ಹಾಲು ಹಾಕುವವರ ಕ್ಯಾನುಗಳ ಸದ್ದಿಗೆ ಎದ್ದೆ. ಕಿಟಕಿಯಲ್ಲಿ ಬಿಸಿಲಿತ್ತು. ಅಭ್ಯಾಸದಂತೆ ಫೋನು ತೆಗೆದರೆ ತಿದ್ದಿದ ಪಾಠ ಯಾವುದೂ ಬಂದಿರಲಿಲ್ಲ. ಸ್ನಾನ, ತಿಂಡಿ ಮುಗಿಸಿ ಶಾಲೆಗೆ ಹೊರಟಾಗ ಮೇಡಂ ಅವರದು ಒಂದು ಸಾಲು ಬಂತು.

'ಸರ್, ಈಗ ಎದ್ದೆ. ಬಸ್ಸು ಹೋಗಿಬಿಟ್ಟಿದೆ. ನನ್ನ ಮೊದಲ ಪೀರಿಯಡ್ ನೀವು ತಗೊಳ್ಳಿ.'